ಕೆಟ್ಲು ತಿರುವಿನ ಹಾರನ್ನು

"ಅಪ್ಪ ಸಾಯೋವಾಗ ಒಂದು ಮಾತಿಗೂ ಬಾಯಿ ಬಿಡದ ಮಗ ಕಣೋ ನೀನು. ನೀನು ರಿಪೇರಿ ಮಾಡಿದ್ರೆ ಅವನ ಕಾರು ಬಾಯಿ ಬಿಡುತ್ತಾ?"

ಲೈಲ್ ಇದನ್ನು ಮೆಲ್ಲಗೆ ಹೇಳಲಿಲ್ಲ. ತಗಡಿನ ಮೇಲೆ ಸುರಿಯುತ್ತಿದ್ದ ಮಳೆಯನ್ನೂ ಮೀರಿ ಶೆಡ್ಡಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸಲಿ ಎಂದೇ ಹೇಳಿದ. ಹೇಳಿದ ಮೇಲೆ ಕಿಟಕಿಯೊಳಗೆ ಕೈ ತೂರಿಸಿ, ಸ್ಟೇರಿಂಗಿನ ನಡುವೆ ಹೊಳೆಯುತ್ತಿದ್ದ ಹಾರನ್ ಬಳೆಯನ್ನು ಅಂಗೈಯಿಂದ ಅದುಮಿದ. ಒಮ್ಮೆ, ಮತ್ತೊಮ್ಮೆ. ಕಾರು ಸುಮ್ಮನಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಕಾರಿನ ಕೆಳಗೆ, ಸ್ಟೇರಿಂಗ್ ಕಂಬದ ಬುಡದಲ್ಲಿ ಅಂಗಾತ ಮಲಗಿದ್ದ ಕೀರನ್‌ಗೆ ಕಾಣುತ್ತಿದ್ದುದು ಲೈಲ್‌ನ ಬೂಟು ಮಾತ್ರ. ಹೊಳಪು ಹಾಕಿದ ಬೂಟು. ಕೈಲಿರುವ ಸ್ಪ್ಯಾನರು ಜಾರಿ ಆ ಬೂಟಿನ ಮೇಲೆ ಬಿದ್ದರೆ ಎಷ್ಟು ಚೆಂದವಿರುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಹೊರಗೆ ಜರುಗಿ ಎದ್ದು ಕೂತ.

"ಇನ್ನೊಂದ್ಸಲ ಮೊದಲಿಂದ ನೋಡ್ತೀನಿ."

"ನೋಡು, ನೋಡು. ನಾಳೆ ಹೊರಡೋ ತನಕ ನೋಡು," ಅಂದ ಲೈಲ್. "ಕೂಗದೇ ಹೋದ್ರೆ ನಿಮ್ಮಪ್ಪ ಆಲ್ಬಿ ನನ್ ಕಾರಲ್ಲಿ ಬರ್ತಾನೆ. ನೀನೂ ಬಾ, ಹಿಂದಿನ ಸೀಟು ಖಾಲಿ ಇದೆ. ಕಾಲು ಒರೆಸ್ಕೊಂಡು ಹತ್ತು, ಅಷ್ಟೇ."

ಗಣಿಯೂರು ಕ್ವೀನ್ಸ್‌ಟೌನಿನ ಹಳೇ ಕಾರಿನ ಕ್ಲಬ್ಬಿನವರು ಮಳೆ ಬಂದರೆ ಕಾರು ಹೊರಗೆ ತೆಗೆಯುವುದಿಲ್ಲ; ಕ್ವೀನ್ಸ್‌ಟೌನಿನಲ್ಲಿ ಮಳೆ ಬಾರದ ದಿನ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಆ ಕ್ಲಬ್ಬಿನವರ ಅರ್ಧ ಆಯುಷ್ಯ ಈ ಶೆಡ್ಡಿನಲ್ಲೇ, ಒರೆಸಿದ್ದನ್ನೇ ಒರೆಸುತ್ತಾ, ಚಹಾ ಕುಡಿಯುತ್ತಾ ಕಳೆದುಹೋಗುತ್ತಿತ್ತು. ಲೈಲ್ ಅವರ ಅಧ್ಯಕ್ಷ. ಇವತ್ತು ಎಲ್ಲರೂ ಸೇರಿದ್ದು ನಾಳೆಗಾಗಿ. ನಾಳೆ, ಮಳೆ ಬರಲಿ ಬಿಡಲಿ, ಕಾರುಗಳು ಹೊರಡಲೇಬೇಕು. ಕೀರನ್‌ನ ಅಪ್ಪ ಆಲ್ಬಿಯ ಬೂದಿಯನ್ನು ಬೆಟ್ಟದ ನೆತ್ತಿಗೆ ಒಯ್ಯಬೇಕು.

ಆ ಕಡೆ ಯಾರ ಮನೆಯಿಂದ ಹೊರಟರೂ ಗೇಟು ದಾಟುವಾಗ ಎರಡು ಸಲ ಹಾರನ್ ಹೊಡೆಯುತ್ತಾರೆ, ವರಾಂಡದಲ್ಲಿ ನಿಂತವರು ಕೈ ಎತ್ತುತ್ತಾರೆ. ಅದೇ ಅಲ್ಲಿಯ 'ಹೋಗಿಬರ್ತೀನಿ', ಅದೇ 'ಹೋಗಿ ಬಾ'. ಅದಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿಲ್ಲದ ಜನ. ಕ್ಲಬ್ಬಿನಲ್ಲಿ ಯಾರಾದರೂ ಸತ್ತರೂ ಅಷ್ಟೇ. ಸತ್ತವನ ಕಾರು ಎಲ್ಲಕ್ಕಿಂತ ಮುಂದೆ ಹೋಗುತ್ತದೆ, ಬೆಟ್ಟದ ನೆತ್ತಿಯಲ್ಲಿ ನಿಂತು ಎರಡು ಸಲ ಕೂಗುತ್ತದೆ, ಹಿಂದಿನ ಕಾರುಗಳೆಲ್ಲ ಒಟ್ಟಿಗೆ ಉತ್ತರ ಕೊಡುತ್ತವೆ. ಕೂಗಲಾರದ ಕಾರಿಗೆ ಮುಂದೆ ಜಾಗವಿಲ್ಲ. ಆಗ ಆಲ್ಬಿಯ ಬೂದಿಯ ಡಬ್ಬಿ ಲೈಲ್‌ನ ಪಕ್ಕದ ಸೀಟಿನಲ್ಲಿ, ಆಲ್ಬಿಯ ಮಗ ಹಿಂದಿನ ಸೀಟಿನಲ್ಲಿ, ಮಡಚಿಟ್ಟ ಕೊಡೆಯ ಹಾಗೆ.

ಕೀರನ್‌ಗೆ ಬೇಕಾಗಿದ್ದುದು ಇಷ್ಟೇ: ಅಪ್ಪನ ಕಾರಿನಿಂದ ಅಪ್ಪನ ಪರವಾಗಿ ಎರಡು ಹಾರನ್ನು. ಇನ್ನಾವುದಕ್ಕೂ ಅವನು ಆ ಊರಿಗೆ ವಾಪಸು ಬಂದಿರಲಿಲ್ಲ.

ಹಾರನ್ನಿನ ಸಂಗತಿ ಬೇರೆಲ್ಲದರ ಹಾಗಲ್ಲ. ಉಳಿದವಕ್ಕೆ ನಾವು ಗುಂಡಿ ಒತ್ತಿದ ಮೇಲೆ ಕರೆಂಟು ಹೋಗುತ್ತದೆ. ಹಾರನ್ನಿನ ಬಾಗಿಲಲ್ಲಿ ಕರೆಂಟು ಮೊದಲೇ ಬಂದು ನಿಂತಿರುತ್ತದೆ; ಕೀಲಿ ತೆಗೆದುಕೊಂಡು ಹೋಗಿ ಮಲಗಿದರೂ ಅದು ನಿಂತೇ ಇರುತ್ತದೆ. ಅದಕ್ಕಿಲ್ಲದ್ದು ಒಂದೇ, ನೆಲಕ್ಕಿಳಿಯುವ ದಾರಿ. ಬಳೆ ಒತ್ತಿದಾಗ ಸ್ಟೇರಿಂಗ್ ಕಂಬದೊಳಗಿನ ಒಂಟಿ ತಂತಿಗೆ ಕಬ್ಬಿಣ ತಾಗಿ ಆ ದಾರಿ ತೆರೆಯುತ್ತದೆ. ಕೀರನ್ ಆ ದಾರಿಯನ್ನು ತುದಿಯಿಂದ ಬುಡದವರೆಗೆ ಎಷ್ಟು ಸಲ ಹುಡುಕಿದ್ದನೋ. ತಂತಿ ಹೊಸದು. ಸ್ಟೇರಿಂಗಿನ ಜೊತೆ ತಿರುಗುವ ಹಿತ್ತಾಳೆಯ ಉಂಗುರವನ್ನು ಉಜ್ಜಿ ಬೆಳಗಿದ್ದ. ಕಂಬದ ಬುಡದಲ್ಲಿರುವ ರಬ್ಬರು ಬಿಲ್ಲೆ ಕರೆಂಟು ಬಿಡುವುದಿಲ್ಲ. ಅದನ್ನು ದಾಟಿಸುವ ತಾಮ್ರದ ಜಡೆಯನ್ನೂ ಹೊಸದಾಗಿ ಕಟ್ಟಿದ್ದ. ಹಾರನ್ನನ್ನು ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟರೆ ಶೆಡ್ಡೇ ಅದುರುವಂತೆ ಕೂಗುತ್ತಿತ್ತು. ಹಾರನ್ನಿನ ಜಾಗದಲ್ಲಿ ಟೆಸ್ಟ್ ಲ್ಯಾಂಪು ಇಟ್ಟು ಬಳೆ ಒತ್ತಿದರೆ ಲ್ಯಾಂಪು ಉರಿಯುತ್ತಿತ್ತು. ಲ್ಯಾಂಪು ತೆಗೆದು ಹಾರನ್ ಕಟ್ಟಿ ಒತ್ತಿದರೆ... ಮಳೆ. ಬರೀ ಮಳೆಯ ಸದ್ದು.

ಅವನು ಬ್ಯಾಟರಿಯನ್ನು ಬಿಚ್ಚಿ ಎತ್ತಿ ನೆಲದ ಮೇಲಿಟ್ಟ. ಸ್ಟೇರಿಂಗ್ ಚಕ್ರದ ನಡುವಿನ ನಟ್ಟು ತೆಗೆದು, ಚಕ್ರವನ್ನೇ ಕಿತ್ತು ಮೇಜಿನ ಮೇಲೆ ಮಲಗಿಸಿದ. ಚಕ್ರವಿಲ್ಲದ ಕಾರು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು.

ಬೇಕರಿಯ ಗ್ಯಾವ್ ಚಿಪ್ಪುಮೀನಿನ ಪೈಗಳ ತಟ್ಟೆ ಹಿಡಿದುಕೊಂಡು ಬಂದವನು ಕೂರಲು ಜಾಗ ಸಿಗದೆ, ಬ್ಯಾಟರಿಯ ಮೇಲೊಂದು ಹಲಗೆ ಹಾಕಿಕೊಂಡು ಕೂತ.

"ಆಸಿಡ್ ಇದೆ ಗ್ಯಾವ್, ಪ್ಯಾಂಟು ತೂತಾಗುತ್ತೆ," ಅಂದ ಕೀರನ್.

"ಇರೋ ತೂತುಗಳ ಮಧ್ಯೆ ಅದಕ್ಕೆ ಜಾಗ ಎಲ್ಲಿದೆ ಮಾರಾಯ? ತಗೋ, ಪೈ ತಿನ್ನು. ಲೈಲ್ ಮಾತಿಗೆ ತಲೆ ಕೆಡಿಸ್ಕೋಬೇಡ. ಅವನ ಕಾರಿನ ಹಾರನ್ ಕೂಗುತ್ತೆ ನಿಜ, ಅದು ಬಿಟ್ಟು ಅವನ ಮನೇಲಿ ಯಾವುದೂ ಅವನ ಮಾತು ಕೇಳಲ್ಲ."

ಎಲ್ಲರೂ ನಕ್ಕರು. ಲೈಲ್ ನಗಲಿಲ್ಲ. ಕೀರನ್ ಕೂಡ ನಗಲಿಲ್ಲ.

ಕತ್ತರಿಸಿದ ಡ್ರಮ್ಮಿನಲ್ಲಿ ಸೌದೆ ಉರಿಯುತ್ತಿತ್ತು. ಅದರ ಪಕ್ಕದ ಮಡಚು ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ನೋಲೀನಜ್ಜಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಅವಳ ಗಂಡ ಲೆನ್ ಗಣಿಯ ಎಲೆಕ್ಟ್ರೀಷಿಯನ್ ಆಗಿದ್ದವನು. ಊರಿನ ಕಾರುಗಳ ಹೊಟ್ಟೆಯೊಳಗೆಲ್ಲ ಅವನ ಕೈ ಆಡಿತ್ತು. ಅವನು ಹೋಗಿ ಎಷ್ಟೋ ಕಾಲವಾಗಿದ್ದರೂ ಅವಳು ಕ್ಲಬ್ಬಿಗೆ ಬರುವುದನ್ನು ಬಿಟ್ಟಿರಲಿಲ್ಲ.

"ಅದರಲ್ಲಿ ಕೆಟ್ಟಿದ್ದು ಏನೂ ಇಲ್ಲ ಕಣೋ ಕೀರನ್," ಅಂದಳು. "ಲೆನ್ ಕೂಡ ಇದೇ ಕಂಬ ಬಿಚ್ಚಿ, ಹೀಗೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದ. ಇದೇ ಕಾರು."

ಗ್ಯಾವ್ ಹಲಗೆಯ ಮೇಲೆ ಮುಂದಕ್ಕೆ ಜರುಗಿದ. "ಹೇಳು ಅಜ್ಜಿ. ಮಳೆ ಹ್ಯಾಗೂ ನಿಲ್ಲಲ್ಲ."

ಒಬ್ಬೊಬ್ಬರೇ ಬಟ್ಟೆ, ಪಾಲಿಶಿನ ಡಬ್ಬಿ ಕೆಳಗಿಟ್ಟು ಬೆಂಕಿಯ ಸುತ್ತ ಬಂದರು. ಲೈಲ್ ದೂರದಲ್ಲೇ, ತನ್ನ ಕಾರಿಗೆ ಒರಗಿ ನಿಂತ. ಕೀರನ್ ಅಪ್ಪನ ಕಾರಿನ ಮೆಟ್ಟಿಲ ಅಂಚಿನಲ್ಲಿ ಕೂತ. ಮಧ್ಯಾಹ್ನವೇ ಕಪ್ಪಾಗುತ್ತಿತ್ತು. ಬಾಗಿಲಿನಾಚೆ ಬೋಳು ಬೆಟ್ಟಗಳು ಮಳೆಯೊಳಗೆ ಕರಗಿ, ಇದ್ದವೋ ಇಲ್ಲವೋ ಎಂಬಂತಿದ್ದವು.

"ಈ ಕಾರು ಆಲ್ಬಿದಾಗೋಕೆ ಮುಂಚೆ ಮರ್ವ್ ಡನ್‌ಬೆವಿನ್ ಅಂತ ಒಬ್ಬನದು," ಅಂತ ಅಜ್ಜಿ ಶುರು ಮಾಡಿದಳು. "ನಿಮಗ್ಯಾರಿಗೂ ಅವನ ಮುಖ ಗೊತ್ತಿಲ್ಲ. ಗೊತ್ತಿದ್ದೋರೆಲ್ಲ ಮಣ್ಣಲ್ಲಿದಾರೆ. ಅವನ ತಮ್ಮ ಅಥೋಲ್. ಮರದ ದಿಮ್ಮಿ ಹೊರೋ ಲಾರಿ ಓಡಿಸ್ತಿದ್ದ, ಆ ಲಾರಿ ಹಾರನ್ನು ಅಂದ್ರೆ... ಎಮ್ಮೆ ಕರು ಕಳ್ಕೊಂಡು ಕೂಗುತ್ತಲ್ಲ, ಹಾಗೆ, ಹೊಟ್ಟೆ ಒಳಗಿಂದ. ಅಣ್ಣ ತಮ್ಮ ಅಂದ್ರೆ ಹಾಗಿರಬೇಕು ಅಂತ ಊರೇ ಹೇಳೋದು. ಒಂದೇ ಸಿಗರೇಟು ಹಂಚ್ಕೊಂಡು ಸೇದೋರು.

"ನಮ್ಮೂರ ಫುಟ್‌ಬಾಲ್ ಮೈದಾನ ನಿಮಗೆ ಗೊತ್ತಲ್ಲ, ಹುಲ್ಲು ಹುಟ್ಟಲ್ಲ, ಬರೀ ಜಲ್ಲಿ. ಅದರ ಮೇಲೆ ಬಿದ್ದು ಆಡಿದವನ ಮಂಡಿ ನೋಡಿದ್ರೆ ಗೊತ್ತಾಗುತ್ತೆ, ತರಚದೆ ಉಳಿಯಲ್ಲ. ಒಂದ್ಸಲ ಪಕ್ಕದೂರಿನ ಮೇಲೆ ಸೋತ್ವಿ, ಮರ್ವ್ ಕೂಡ ಆಡಿದ್ದ. ಅವತ್ತು ಸಾಯಂಕಾಲ ಪಬ್ಬಲ್ಲಿ, ಕಾಲಿಡೋಕೆ ಜಾಗ ಇಲ್ಲ ಅಷ್ಟು ಜನ, ಅಥೋಲ್ ಕುಡಿದಿದ್ದ. ಮರ್ವ್‌ನ ಪ್ಯಾಂಟು ಮೇಲೆಳೆದು, 'ನೋಡ್ರೋ ನಮ್ಮಣ್ಣನ ಮಂಡಿ, ಮದುಮಗಳ ಕೆನ್ನೆ ಇದ್ದ ಹಾಗಿದೆ' ಅಂದ. ಎಷ್ಟು ನಗು ಅಂತೀರ! ನಾನೂ ನಕ್ಕೆ, ಸುಳ್ಯಾಕೆ? ಮರ್ವ್ ಗ್ಲಾಸು ಕೆಳಗಿಟ್ಟ. ಎದ್ದು ಹೊರಟು ಹೋದ. ಅವತ್ತಿಂದ ಮುಗೀತು. ತಮ್ಮ ಎದುರಿಗೆ ಬಂದ್ರೆ ಇವನು ರಸ್ತೆ ದಾಟೋನು. ತಮ್ಮ ಹಾರನ್ ಹೊಡೆದ್ರೆ ಇವನು ಕೈ ಎತ್ತುತಿರ್ಲಿಲ್ಲ.

"ಈಗ ಬೆಟ್ಟದ ರಸ್ತೆ ಅಗಲ ಮಾಡಿದಾರೆ, ಕನ್ನಡಿ ಇಟ್ಟಿದಾರೆ. ಆಗೇನಿತ್ತು? ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ... ಗಾಳಿ. ಅದಕ್ಕೇ ತಿರುವು ಬರೋ ಮುಂಚೆ ಹಾರನ್ ಹೊಡೀಬೇಕು, ಹೊಡೆದು ಕಿವಿ ಕೊಡಬೇಕು. ಆ ಕಡೆಯಿಂದ ಯಾರಾದ್ರೂ ಬರ್ತಿದ್ರೆ ಉತ್ತರ ಕೊಡ್ತಾರೆ. ಉತ್ತರ ಕೊಟ್ಟೋನು ಬಂಡೆ ಮಗ್ಗುಲಿಗೆ ಒತ್ತಿ ನಿಂತು, ಕಿಟಕಿಯಿಂದ ಕೈ ಹೊರಗೆ ಹಾಕಿ 'ಹೋಗು' ಅನ್ಬೇಕು. ಮೊದಲು ಕೂಗಿದೋನು ಹೋಗ್ತಾನೆ. ಉತ್ತರ ಬರ್ಲಿಲ್ಲ ಅಂದ್ರೆ? ಅಂದ್ರೆ ಆ ಕಡೆ ಯಾರೂ ಇಲ್ಲ. ನುಗ್ಗಬಹುದು. ಕಳ್ಳನೇ ಬರ್ಲಿ, ಶತ್ರುನೇ ಬರ್ಲಿ, ಆ ರಸ್ತೇಲಿ ಉತ್ತರ ಕೊಡದೆ ಇದ್ದೋರೇ ಇಲ್ಲ. ಮರ್ವ್ ಒಬ್ಬನ ಬಿಟ್ಟು.

"ಕೆಟ್ಲು ತಿರುವು... ಅಲ್ಲಿ ಬಂಡೆಯಿಂದ ನೀರು ಜಿನುಗುತ್ತಲ್ಲ, ರೇಡಿಯೇಟರಿಗೆ ತುಂಬ್ಕೊಳ್ಳೋಕೆ ಯಾರೋ ಒಂದು ಕೆಟ್ಲು ನೇತು ಹಾಕಿದ್ರು, ಅಲ್ಲಿ. ಮಂಜು ಇಳಿದಿತ್ತು ಅವತ್ತು. ಮರ್ವ್ ಮೇಲಕ್ಕೆ ಹೋಗ್ತಿದ್ದ, ಇದೇ ಕಾರು. ಆ ಕಡೆಯಿಂದ ಲಾರಿ ಇಳೀತಿತ್ತು. ಎಮ್ಮೆ ಕೂಗ್ತು. ಇವನಿಗೆ ಗೊತ್ತಾಗ್ಲಿಲ್ವಾ? ಊರಿಗೆಲ್ಲ ಗೊತ್ತಾಗೋ ಹಾರನ್ನು, ಒಡಹುಟ್ಟಿದೋನಿಗೆ ಗೊತ್ತಾಗಲ್ವಾ? ಕೈ ಸ್ಟೇರಿಂಗ್ ಮೇಲೇ ಇತ್ತು. ಬೆರಳು ಬಳೆ ಮೇಲೇ ಇತ್ತು. ಒತ್ತಲಿಲ್ಲ. 'ಕೂಗಲಿ, ನನಗೇನು' ಅಂದ್ಕೊಂಡನಂತೆ. ಅವನೇ ಆಮೇಲೆ ಲೆನ್ ಹತ್ರ ಹೇಳಿದ್ದು. ಉತ್ತರ ಬರ್ಲಿಲ್ಲ ಅಂತ ಅಥೋಲ್ ನುಗ್ಗಿಬಿಟ್ಟ. ತಿರುವಿನ ಮಧ್ಯದಲ್ಲಿ ಅಣ್ಣನ ಕಾರು! ಅಣ್ಣನ್ನ ಉಳಿಸೋಕೆ ಲಾರೀನ ಹೊರಗೆ ಎಳೆದ. ಹೊರಗೆ ಏನಿತ್ತು ಹೇಳಿ? ಗಾಳಿ...

"ಲಾರಿ ಕೆಳಗೆ ಕಂದರಕ್ಕೆ ಬಿತ್ತು. ಸ್ಟೇರಿಂಗ್ ಕಂಬ ಬಗ್ಗಿ, ಒಳಗಿನ ತಂತಿ ಕಬ್ಬಿಣಕ್ಕೆ ತಾಗಿ ಹಾರನ್ ಹಿಡ್ಕೊಂಡ್ ಬಿಡ್ತು. ಅಥೋಲ್ ಆಗಲೇ ಹೋಗಿದ್ದ... ಹಾರನ್ ಮಾತ್ರ ನಿಲ್ಲಿಸ್ಲಿಲ್ಲ. ಕೀಲಿ ಬೇಡವಲ್ಲ ಅದಕ್ಕೆ? ಅಲ್ಲಿಗೆ ಇಳಿಯೋಕೆ ಯಾರಿಗೂ ಆಗ್ಲಿಲ್ಲ. ಊರೆಲ್ಲ ಊಟದ ಮೇಜಲ್ಲಿ ಕೂತು ಅದನ್ನೇ ಕೇಳ್ತಿದ್ವಿ. ಮಂಜಿನ ಒಳಗಿಂದ ಬರ್ತಾನೇ ಇತ್ತು, ಬರ್ತಾ ಬರ್ತಾ ಸಣ್ಣಗಾಯ್ತು, ಆಮೇಲೆ ಬರ್ತಿದೆಯೋ ನಮ್ಮ ಕಿವಿ ಒಳಗೇ ಇದೆಯೋ ಗೊತ್ತಾಗದ ಹಾಗಾಯ್ತು..."

ಅಜ್ಜಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಲೈಲ್ ತನ್ನ ಕಾರು ಬಿಟ್ಟು ಒಂದು ಹೆಜ್ಜೆ ಹತ್ತಿರ ಬಂದಿದ್ದ.

"ಮರ್ವ್ ಆಮೇಲೆ ಆ ರಸ್ತೆ ಬಿಟ್ಟನಾ? ಬಿಡಲಿಲ್ಲ. ದಿನಾ ಹೋಗೋನು. ಒಂದಿನ ನಮ್ಮನೆಗೆ ಬಂದು ಲೆನ್ ಮುಂದೆ ಕೂತ. 'ಹಾರನ್ ಸರಿ ಮಾಡ್ಕೊಡು ಲೆನ್. ನನ್ ಕಾರು ಕೂಗ್ತಿಲ್ಲ' ಅಂದ. 'ನೋಡೋಣ ಬಿಡು' ಅಂದ ಇವನು. 'ಹಾಗಲ್ಲ. ಕೆಟ್ಲು ತಿರುವಲ್ಲಿ ಅವನು ದಿನಾ ಕೂಗ್ತಾನೆ. ನಾನು ಒತ್ತುತೀನಿ... ಒತ್ತಿ ಒತ್ತಿ ಅಂಗೈ ನೀಲಿ ಆಗಿದೆ ನೋಡು. ಬರ್ತಿಲ್ಲ. ಉತ್ತರ ಇಲ್ದೆ ಅವನು ಹ್ಯಾಗೆ ದಾಟ್ತಾನೆ?' ಅಂದ. ಲೆನ್ ನನ್ ಮುಖ ನೋಡ್ದ. ನಾನು ಲೆನ್ ಮುಖ ನೋಡ್ದೆ. ಏನ್ ಹೇಳ್ತೀರ ಅಂಥೋನಿಗೆ?

"ಲೆನ್ ಕಂಬ ಬಿಚ್ಚಿದ. ತಂತಿ ಬದಲಾಯಿಸಿದ. ಲ್ಯಾಂಪು ಇಟ್ಟ, ಲ್ಯಾಂಪು ಉರೀತು. ಹಾರನ್ ಇಟ್ಟ, ಇಲ್ಲ. ಇವತ್ತು ಈ ಹುಡುಗ ಮಾಡಿದ್ದೆಲ್ಲ ಅವತ್ತು ಅವನು ಮಾಡಿದ. ಕೊನೆಗೆ, 'ಆ ತಿರುವಲ್ಲೇ ನೋಡ್ಬೇಕು' ಅಂತ ಹೊರಟ. ನಾನೂ ಹೋದೆ. ಯಾಕೆ ಹೋದೆ ಅಂದ್ರೆ ಏನ್ ಹೇಳ್ಲಿ... ಅತ್ತೆ ಮನೆಗೊಂದು ಕೇಕು ತಲುಪಿಸೋದಿತ್ತು. ಹಿಂದಿನ ಸೀಟಲ್ಲಿ ಕೂತಿದ್ದೆ, ತೊಡೆ ಮೇಲೆ ಕೇಕಿನ ಡಬ್ಬಿ. ಮರ್ವ್ ಓಡಿಸ್ತಿದ್ದ. ಲೆನ್ ಪಕ್ಕದಲ್ಲಿ. ಹಾರನ್ ತಂತೀನ ಕತ್ತರಿಸಿ, ಆ ತುದಿ ಎಡಗೈಲಿ, ಈ ತುದಿ ಬಲಗೈಲಿ ಹಿಡ್ಕೊಂಡಿದ್ದ. ತಾನೇ ತಾಗಿಸಿ ನೋಡ್ಬೇಕು ಅಂತ.

"ಮಳೆ ಆಗಷ್ಟೇ ನಿಂತಿತ್ತು. ಮಂಜು ರಸ್ತೆ ಮೇಲೆ ಮಲಗಿತ್ತು, ಹಾಲು ಚೆಲ್ಲಿದ ಹಾಗೆ. ಕಾರು ಹೋಗ್ತಿದೆಯೋ ನಿಂತಿದೆಯೋ ಗೊತ್ತಾಗ್ತಿರ್ಲಿಲ್ಲ, ಬಂಡೆಗಳೇ ನಮ್ ಕಡೆಗೆ ತೇಲ್ಕೊಂಡು ಬರ್ತಿವೆ ಅನ್ನೋ ಹಾಗೆ... ಕೆಟ್ಲು ತಿರುವು ಬಂತು. ಮರ್ವ್ ಇಂಜಿನ್ ಆಫ್ ಮಾಡ್ದ. ನೀರು ಕೆಟ್ಲಿಗೆ ತೊಟ್ಟಿಕ್ಕೋದು ಕೇಳ್ತಿತ್ತು. ಟಣ್... ಟಣ್... ಆಮೇಲೆ ಆ ಕಡೆಯಿಂದ ಎಮ್ಮೆ ಕೂಗ್ತು.

"ನನ್ನ ಕಿವಿಯಾಣೆ ಕೇಳಿದೀನಿ ಕಣ್ರೋ. ಆ ಲಾರಿ ಕಂದರದ ತಳದಲ್ಲಿ ತುಕ್ಕು ಹಿಡೀತಿತ್ತು. ಆದ್ರೂ ಕೂಗ್ತು. ಲೆನ್ ಎರಡು ತುದಿ ತಾಗಿಸಿದ. ಏನಿಲ್ಲ. ಮತ್ತೆ ತಾಗಿಸಿದ. ಲಾರಿ ಮತ್ತೆ ಕೂಗ್ತು, ಈಗ ಹತ್ತಿರ. ಮರ್ವ್ ಬಳೆ ಒತ್ತಲೇ ಇಲ್ಲ ಅವತ್ತು. 'ಬಿಡು ಲೆನ್. ತಂತಿದಲ್ಲ ತಪ್ಪು' ಅಂದ. ಕಾರನ್ನ ಬಂಡೆ ಮಗ್ಗುಲಿಗೆ ಬಿಟ್ಕೊಂಡು, ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ... ಹೀಗೆ... ಅಂಗೈ ಬಿಚ್ಚಿ, 'ಹೋಗೋ ತಮ್ಮಾ' ಅಂತ ಬೀಸಿದ.

"ಆಗ ಕೂಗ್ತು ಈ ಕಾರು. ತಂತಿ ತುಂಡಾಗಿ ಲೆನ್ ಎರಡು ಕೈಲಿದೆ, ಒಂದಕ್ಕೊಂದು ಗೇಣು ದೂರ. ಆದ್ರೂ ಕೂಗ್ತು, ಎಷ್ಟು ಚೆನ್ನಾಗಿ, ಎಷ್ಟು ಸಮಾಧಾನವಾಗಿ! ಮತ್ತೆ ನಮ್ಮ ಪಕ್ಕ ಏನೋ ಹಾದುಹೋಯ್ತು. ಕಣ್ಣಿಗೆ ಕಾಣ್ಲಿಲ್ಲ. ಮಂಜು ಎರಡು ಪಾಲಾಯ್ತು, ಕಾರು ಅಲ್ಲಾಡ್ತು, ದೊಡ್ಡ ಲಾರಿ ಹೋದಾಗ ಅಲ್ಲಾಡುತ್ತಲ್ಲ, ಹಾಗೆ. ಕೊಯ್ದ ಹಸಿ ಮರದ ವಾಸನೆ ಮೂಗಿಗೆ ತುಂಬ್ಕೊಂಡ್ತು. ಆಮೇಲೆ ಟಣ್... ಟಣ್... ಕೆಟ್ಲು ಮಾತ್ರ.

"ಮರ್ವ್ ಕೈ ಒಳಗೆ ತಗೊಳ್ಳಲೇ ಇಲ್ಲ. ನಾನು ಬಗ್ಗಿ ನೋಡಿದೆ. ಮುಖ ನಗ್ತಿತ್ತು. ಕೈ ಹಾಗೇ ಹೊರಗೆ ಚಾಚಿತ್ತು, ಬೆರಳ ತುದಿಯಿಂದ ಮಂಜಿನ ನೀರು ತೊಟ್ಟಿಕ್ತಿತ್ತು. ಡಾಕ್ಟರು ಹೃದಯ ಅಂದ್ರು. ಹೃದಯವೇ ಇರ್ಬೇಕು... ಇನ್ನೇನು?"

ಬೆಂಕಿಯಲ್ಲಿ ಒಂದು ಕೊರಡು ಸಿಡಿಯಿತು. ಗ್ಯಾವ್ ಕೈಯಲ್ಲಿದ್ದ ಪೈ ಕಚ್ಚದೆಯೇ ಆರಿಹೋಗಿತ್ತು.

"ಒಳ್ಳೇ ಕತೆ," ಅಂದ ಲೈಲ್, ಗಂಟಲು ಸರಿಮಾಡಿಕೊಂಡು. "ಮಳೆಗಾಲಕ್ಕೆ ಸರಿಯಾಗಿದೆ. ಆಲ್ಬಿ ಈ ಕಾರನ್ನ ಅಷ್ಟು ವರ್ಷ ಓಡಿಸ್ಲಿಲ್ವಾ? 'ಹೋಗಿಬರ್ತೀನಿ' ಅಂತ ಪ್ರತಿ ಗೇಟಲ್ಲೂ ಹೊಡೀತಿದ್ದ, ನಾನೇ ಕೇಳಿದೀನಿ."

"ಹೊಡೀತಿದ್ದ," ಅಂದಳು ಅಜ್ಜಿ. "ಮರ್ವ್ ಹೋದ್ಮೇಲೆ ಇದಕ್ಕೆ ಯಾರ ಹಂಗೂ ಇರ್ಲಿಲ್ಲ, ಚೆನ್ನಾಗೇ ಕೂಗ್ತಿತ್ತು. ಒಂದಿನ ಆಲ್ಬಿ ನಮ್ಮನೆಗೆ ಬಂದ. 'ಹಾರನ್ ಹೋಯ್ತು ನೋಲೀನ್' ಅಂದ. 'ಲೆನ್ ಇದ್ದಿದ್ರೆ ನೋಡಿರೋನು' ಅಂದೆ. 'ಲೆನ್ ಕೈಲೂ ಆಗಲ್ಲ' ಅಂದ. 'ಯಾವಾಗಿಂದ?' ಅಂತ ಕೇಳ್ದೆ. ಟೋಪಿ ಹಾಕ್ಕೊಂಡು ಹೋದ." ಅವಳು ಕೀರನ್ ಕಡೆ ತಿರುಗಿದಳು, ನೋಟದಲ್ಲಿ ಕೋಪವಿರಲಿಲ್ಲ. "ಯಾವಾಗಿಂದ ಅಂತ ಈ ಶೆಡ್ಡಲ್ಲಿ ಒಬ್ಬನಿಗೆ ಗೊತ್ತಿರ್ಬೋದು."

ಕೀರನ್‌ಗೆ ಗೊತ್ತಿತ್ತು.

ಅವನು ಶಾಲೆ ಬಿಟ್ಟ ವರ್ಷ. ಅಪ್ಪ ಪಬ್ಬಿನಲ್ಲಿ, ಹತ್ತಾರು ಜನರೆದುರು, ಕೈಯಲ್ಲಿ ಗ್ಲಾಸು ಹಿಡಿದು, "ಇವನು ಪುಸ್ತಕಕ್ಕೂ ಆಗಲ್ಲ, ಗಣಿಗೂ ಆಗಲ್ಲ, ಯಾವುದಕ್ಕೆ ಆಗ್ತಾನೆ ಅಂತ ಗೊತ್ತಾದೋರು ಬಂದು ಕರ್ಕೊಂಡು ಹೋಗಿ" ಎಂದು ನಗಿಸಿದ್ದ. ಮರುದಿನ ಕೀರನ್ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ಇಳಿಜಾರಿನಲ್ಲಿ ನಡೆದಿದ್ದ. ಹಿಂದಿನಿಂದ ಎರಡು ಸಲ ಹಾರನ್ನು ಕೇಳಿಸಿತು. ಅಪ್ಪ ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಕೂತು ಹೊಡೆದಿದ್ದ. ಹೊಡೆಯಬೇಕಾದವನು ಹೋಗುವವನು, ಆದರೆ ಹೋಗುವವನಿಗೆ ಕಾರಿರಲಿಲ್ಲ. ಮಗನ ಪಾಲಿನ 'ಹೋಗಿಬರ್ತೀನಿ'ಯನ್ನು ಅಪ್ಪನೇ ಹೊಡೆದುಕೊಟ್ಟಿದ್ದ. ಕೀರನ್ ಮಾಡಬೇಕಾಗಿದ್ದುದು ಇಷ್ಟೇ, ತಿರುಗದಿದ್ದರೂ ಪರವಾಗಿಲ್ಲ, ಒಂದು ಕೈ ಎತ್ತುವುದು. ಅವನು ಎರಡೂ ಕೈಗಳನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತುರುಕಿಕೊಂಡು ನಡೆದಿದ್ದ. ಮತ್ತೆ ಎರಡು ಸಲ ಕೇಳಿಸಿತು. ಬಸ್ಸು ಬಂತು. ಅಪ್ಪನಿಗೆ ಎದೆಯೊಳಗೆ ಗಣಿಯ ಧೂಳು ಹೆಪ್ಪುಗಟ್ಟಿದೆ, ಬಾ ಎಂದು ಫೋನು ಬಂದಾಗಲೂ ಕೈಗಳು ಜೇಬಿನಲ್ಲೇ ಇದ್ದವು; ಅವನು ಬರಲಿಲ್ಲ.

ಅವನು ಎದ್ದು ಕಾರಿನೊಳಗೆ ಬಗ್ಗಿದ. ಚಕ್ರವಿಲ್ಲದ ಕಂಬದ ತುದಿಯಿಂದ ಅವನೇ ಎಳೆದ ಹೊಸ ತಂತಿ ಒಂಟಿಯಾಗಿ ಚಾಚಿಕೊಂಡಿತ್ತು. ಅದಕ್ಕೆ ಒಂದು ಸುತ್ತು ಟೇಪು ಸುತ್ತಿ, ಮೆಲ್ಲಗೆ ಮಡಚಿ ಒಳಗಿಟ್ಟ. ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಗೆ ಹಾಕಿದ.

"ಏನೋ, ಆಯ್ತಾ?" ಲೈಲ್‌ನ ದನಿ ಮತ್ತೆ ಮೇಲೆ ಬಂದಿತ್ತು, ಕತೆಯಿಂದ ಕಳೆದುಕೊಂಡಿದ್ದನ್ನೆಲ್ಲ ವಾಪಸು ಪಡೆಯುವ ಅವಸರವಿತ್ತು ಅದರಲ್ಲಿ. "ಕೈ ಚೆಲ್ಲಿದ್ಯಾ? ನೋಡ್ರಪ್ಪಾ, ನಾನು ಹೇಳ್ಲಿಲ್ವಾ? ಆಲ್ಬಿ ಸರಿಯಾಗೇ ಹೇಳಿದ್ದ, ಇವನು ಯಾವುದಕ್ಕೂ ಆಗಲ್ಲ ಅಂತ. ಏಯ್, ನಿನ್ನನ್ನೇ ಕಣೋ ಕೇಳ್ತಿರೋದು!"

ಕೀರನ್‌ನ ಕೈ ಬಿಗಿಯಿತು. ಅವನು ಆ ಮುಷ್ಟಿಯನ್ನು ಜೇಬಿಗಿಟ್ಟುಕೊಂಡು ಬಾಗಿಲ ಕಡೆ ಹೆಜ್ಜೆ ಹಾಕಿದ.

ಆಗ ಕಾರು ಕೂಗಿತು.

ಎರಡು ಸಲ. ದೊಡ್ಡದಾಗಿ ಅಲ್ಲ, ಅಂಗಳದಿಂದ ಇಳಿಜಾರಿನ ಕೆಳಗಿನವರೆಗೆ ಕೇಳಿಸುವಷ್ಟು.

ಎಲ್ಲರೂ ಮೇಜಿನ ಮೇಲೆ ಮಲಗಿದ್ದ ಸ್ಟೇರಿಂಗ್ ಚಕ್ರವನ್ನು ನೋಡಿದರು. ಆಮೇಲೆ ಗ್ಯಾವ್‌ನನ್ನು ನೋಡಿದರು. ಗ್ಯಾವ್ ಎರಡೂ ಕೈ ಮೇಲೆತ್ತಿಕೊಂಡು, ಹಲಗೆಯ ಮೇಲಿಂದ ನಿಧಾನ ಎದ್ದು, ತಾನು ಅಷ್ಟು ಹೊತ್ತು ಕೂತಿದ್ದ ಬ್ಯಾಟರಿಯನ್ನು ನೋಡಿದ. ಅದಕ್ಕೆ ಒಂದು ತಂತಿಯೂ ತಾಗಿರಲಿಲ್ಲ.

"ನಾನೇನೂ ಮಾಡ್ಲಿಲ್ಲ..." ಅಂದ.

"ದಾರಿ ಬಿಡ್ರೋ," ಅಂದಳು ನೋಲೀನಜ್ಜಿ, ಲೋಟವನ್ನು ಕೆಳಗಿಡುತ್ತಾ. ಅವಳ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. "ಕೂಗಿದೋನಿಗೆ ದಾರಿ ಬಿಡಬೇಕು. ನಾನು ಇವತ್ತಿಗೂ ಕೆಟ್ಲು ತಿರುವಲ್ಲಿ ಕಿಟಕಿ ಇಳಿಸಿ ಕೈ ಹೊರಗೆ ಹಾಕೇ ಹೋಗೋದು. ಹಾಗೆ ಹಾದುಹೋಗೋನು ಅಥೋಲ್ ಒಬ್ಬನೇ ಅಂತ ತಿಳ್ಕೊಂಡ್ರಾ? ಗೋಡೆ ಮಗ್ಗುಲಿಗೆ ನಿಂತ್ಕೊಳ್ಳಿ."

ಒಬ್ಬೊಬ್ಬರೇ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದರು. ಕಾರಿನ ಮೂತಿಯಿಂದ ಬಾಗಿಲವರೆಗೆ ಒಂದು ಖಾಲಿ ಓಣಿ ತೆರೆದುಕೊಂಡಿತು. ಅದರೊಳಗಿಂದ ಮೊದಲು ತಣ್ಣನೆ ಗಾಳಿ, ಅದರ ಹಿಂದೆ ನೀಲಗಿರಿ ಎಣ್ಣೆಯ ವಾಸನೆ. ಧೂಳು ತುಂಬಿದ ಎದೆಗೆ ಆಲ್ಬಿ ದಿನವೂ ತಿಕ್ಕಿಕೊಳ್ಳುತ್ತಿದ್ದುದು. ಡ್ರಮ್ಮಿನ ಬೆಂಕಿ ಒಂದು ಮಗ್ಗುಲಿಗೆ ಬಾಗಿತು.

ಲೈಲ್ ಮಾತ್ರ ಗೋಡೆಗಂಟಿಕೊಂಡೇ ಕಿರುಚಿದ. "ಏನ್ ಮಾಡಿದ್ಯೋ ಅದಕ್ಕೆ? ಎಲ್ಲಿ ತಾಗಿಸಿದ್ಯೋ ತಂತೀನ? ಹೇಳೋ! ಕಿವುಡನಾ ನೀನು? ಹೇಳೋ!"

ಕಾರು ಮತ್ತೆ ಎರಡು ಸಲ ಕೂಗಿತು.

ಕೀರನ್ ತಿರುಗಲಿಲ್ಲ. ಬಾಗಿಲು ದಾಟಿ ಮಳೆಯೊಳಗೆ ಇಳಿದ. ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋದ ಮೇಲೆ ಅವನ ಬಲಗೈ ಜೇಬಿನಿಂದ ಹೊರಬಂತು, ಮೆಲ್ಲಗೆ ತಲೆಯ ಮೇಲೆ ಏರಿತು, ಅಂಗೈ ಬಿಚ್ಚಿತು. ಅವನು ಹಾಗೇ ನಡೆಯುತ್ತಾ ಹೋದ. ಮಂಜು ಅವನ ಬೆನ್ನನ್ನು ಮುಚ್ಚಿದ ಮೇಲೂ ಆ ಕೈ ಸ್ವಲ್ಪ ಹೊತ್ತು ಮೇಲೆ ಕಾಣುತ್ತಿತ್ತು.